ಆಡಿನ ಕೊಳದ ದಾರಿ

ಹರ್ಬರ್ಟ್ ಸಲ್ದಾನ ಗುಡ್ಡ ಹತ್ತಲು ಶುರು ಮಾಡಿದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ. ಅಲ್ಲಿಯವರೆಗೆ ಅವನ ಪಾಲಿಗೆ ದುಬೈ ಎಂದರೆ ಕರಾಮದ ಹಳೆಯ ಫ್ಲಾಟು, ದೇರಾದ ಹೋಟೆಲೊಂದರ ನೆಲಮಾಳಿಗೆಯಲ್ಲಿದ್ದ ಲಾಂಡ್ರಿ, ಚರ್ಚಿನಲ್ಲಿ ವಾರಕ್ಕೊಂದು ಬಲಿಪೂಜೆ. ಲಾಂಡ್ರಿಯ ಸೂಪರ್‌ವೈಸರ್ ಆಗಿ ಇಪ್ಪತ್ತು ವರ್ಷ ಉಗಿಯಲ್ಲೇ ಬೆಂದವನು. ಬಿಸಿಲು ತನ್ನನ್ನೇನೂ ಮಾಡದು ಎಂಬ ಹೆಮ್ಮೆ ಅವನಿಗಿತ್ತು.

ಮೊದಲು ಒಬ್ಬನೇ ಹೋಗುತ್ತಿದ್ದ. ಆಮೇಲೆ ಚರ್ಚಿನ ನಾಲ್ಕು ಜನ ಸೇರಿಕೊಂಡರು. ಹತ್ತು ವರ್ಷದಲ್ಲಿ ಅದು ಅರವತ್ತು ಜನರ ವಾಟ್ಸಾಪ್ ಗುಂಪಾಯಿತು. ಮಂಗಳೂರಿನವರು, ಉಡುಪಿಯವರು, ಮೈಸೂರಿನವರು, ಕನ್ನಡ ಬರುವ ಇಬ್ಬರು ಮಲಯಾಳಿಗಳು. ಚಳಿಗಾಲದ ಶನಿವಾರಗಳಲ್ಲಿ ಐದಾರು ಕಾರು ತುಂಬಿಕೊಂಡು, ಗುಡ್ಡಗಳ ನಡುವಿನ ಊರಾದ ಹಟ್ಟಾದ ಕಡೆ ಹೊರಡುವುದು ಅವರ ಪದ್ಧತಿ. ಹಟ್ಟಾದಲ್ಲಿ ನೋಡುವವರಿಗೆ ಬೇಕಾದಷ್ಟಿದೆ. ಅಣೆಕಟ್ಟಿನ ಹಸಿರು ನೀರಿನಲ್ಲಿ ಕಯಾಕು, ಪೆಡಲ್ ದೋಣಿ, ಮಕ್ಕಳಿಗೆ ಜೇನಿನ ತೋಟ, ನಡೆಯುವವರಿಗೆ ದಿಕ್ಕು ತೋರಿಸುವ ಬಣ್ಣದ ಹಲಗೆ ನೆಟ್ಟ ದಾರಿಗಳು. ಹರ್ಬರ್ಟನಿಗೆ ಆ ಹಲಗೆಗಳ ದಾರಿ ಬೇಗ ಬೇಸರ ತರಿಸಿತ್ತು. ಆಡುಗಳು ಓಡಾಡಿದ ಸಣ್ಣ ಜಾಡೊಂದನ್ನು ಹಿಡಿದು, ಮೂರು ತಾಸು ಹತ್ತಿ, ಬಂಡೆಗಳ ನಡುವೆ ಅವಿತಿದ್ದ ಒಂದು ಕೊಳವನ್ನು ಅವನು ಕಂಡುಹಿಡಿದಿದ್ದ. ಗುಂಪಿನವರು ಅದಕ್ಕೆ ಆಡಿನ ಕೊಳ ಎಂದು ಹೆಸರಿಟ್ಟರು. ಕುತ್ತಿಗೆವರೆಗೆ ನೀರು, ಬೆರಳು ಕಚ್ಚುವ ಪುಟ್ಟ ಮೀನುಗಳು. ಆ ಜಾಗಕ್ಕೆ ಯಾರನ್ನು ಕರೆದೊಯ್ಯಬೇಕು, ಯಾರನ್ನು ಬೇಡ ಎಂದು ತೀರ್ಮಾನಿಸುವವನು ಹರ್ಬರ್ಟ್ ಒಬ್ಬನೇ.

ನಿಯಮಗಳನ್ನು ಬರೆದವನೂ ಅವನೇ. ತಲೆಗೆ ಮೂರು ಲೀಟರ್ ನೀರು ಕಡ್ಡಾಯ. ಹೊರಡುವ ಮುಂಚೆ ಎಲ್ಲರೂ ಚೀಲ ಬಿಚ್ಚಿ ತೋರಿಸಬೇಕು. ಮಾರ್ಚ್ ಬಂತೆಂದರೆ, ಬೆಳಿಗ್ಗೆ ಎಂಟು ಗಂಟೆಗೆ ಎಲ್ಲಿದ್ದರೂ ಅಲ್ಲಿಂದಲೇ ವಾಪಸ್. ಏಪ್ರಿಲ್ ಹದಿನೈದರ ನಂತರ ಗುಡ್ಡವಿಲ್ಲ. ಒಮ್ಮೆ ಎರಡೇ ಲೀಟರ್ ತಂದಿದ್ದ ಬ್ಯಾಂಕಿನ ಮ್ಯಾನೇಜರನ್ನು ಕಾರಿನಲ್ಲೇ ಕೂರಿಸಿ ಹೋಗಿದ್ದುಂಟು.

ರಘುನಂದನ ಆ ಗುಂಪಿಗೆ ಬಂದು ಏಳು ವರ್ಷವಾಗಿತ್ತು. ಮೈಸೂರಿನವನು, ಮೂವತ್ತೊಂಬತ್ತು ವಯಸ್ಸು. ಕಟ್ಟಡ ಕಂಪನಿಯೊಂದರಲ್ಲಿ ಏಸಿ ಕೊಳವೆಗಳ ನಕ್ಷೆ ಬರೆಯುವ ಕೆಲಸ. ಹೆಂಡತಿ ಹಿತಾ ಶಾಲೆಯೊಂದರ ಲೈಬ್ರರಿಯಲ್ಲಿದ್ದಳು. ಮನೆ ಡಿಸ್ಕವರಿ ಗಾರ್ಡನ್ಸ್‌ನಲ್ಲಿ. ಮಾತು ಕಡಿಮೆ, ನಡಿಗೆ ಗಟ್ಟಿ. ಹರ್ಬರ್ಟ್ ಮುಂದೆ ಹೋದರೆ ಗುಂಪಿನ ಬಾಲದಲ್ಲಿ ನಿಂತು, ಹಿಂದೆ ಬಿದ್ದವರನ್ನು ಕರೆತರುವವನು ರಘು. ತಮ್ಮನಿಲ್ಲದ ಹರ್ಬರ್ಟನಿಗೆ ಅವನ ಮೇಲೆ ಒಂದು ಅಕ್ಕರೆ ಬೆಳೆದಿತ್ತು.

ಏಪ್ರಿಲ್ ಕೊನೆಯಲ್ಲಿ ರಘುವಿನ ಕಂಪನಿ ಜನರನ್ನು ಕಡಿಮೆ ಮಾಡಿತು. ಬೇರೆ ಕಡೆ ಪ್ರಯತ್ನಿಸಿದ, ಆಗಲಿಲ್ಲ. ವೀಸಾ ಕ್ಯಾನ್ಸಲ್ ಆಗುವ ಮೊದಲು ಊರಿಗೆ ಹೊರಡುವುದೆಂದು ಗಂಡ ಹೆಂಡತಿ ನಿರ್ಧರಿಸಿದರು. ಆ ಸುದ್ದಿ ಹೇಳಲು ಕರಾಮಕ್ಕೆ ಬಂದವನು ಊಟ ಮುಗಿಸಿ, ತಲೆ ಬಗ್ಗಿಸಿಕೊಂಡೇ ಕೇಳಿದ.

"ಒಂದ್ಸಲ ಕೊಳಕ್ಕೆ ಹೋಗ್ಬರೋಣ ಸರ್. ಹನ್ನೊಂದು ವರ್ಷ ಇದ್ದೆ ಈ ದೇಶದಲ್ಲಿ. ನನ್ನದು ಅಂತ ಅನ್ಸಿದ್ದು ಅದೊಂದೇ ಜಾಗ."

"ಮೇ ತಿಂಗಳಲ್ಲಿ ಗುಡ್ಡಕ್ಕೆ ಹೋಗುವುದುಂಟಾ ಮಾರಾಯ?" ಎಂದ ಹರ್ಬರ್ಟ್. ಆದರೆ ಆ ದನಿಯಲ್ಲಿ ಬಲವಿರಲಿಲ್ಲ. ಅಡುಗೆಮನೆಯಿಂದ ಕ್ಲಾರಾ ಹೊರಗೆ ಬಂದು ಗಂಡನ ಮುಖ ನೋಡಿದಳು. ರಘು ಹೋದ ಮೇಲೆ, ಇದು ಬೇಡ ಎಂದು ಒಮ್ಮೆ ಹೇಳಿದಳು. ನಾವಿಬ್ಬರೇ, ಬೆಳಿಗ್ಗೆ ಬೇಗ ಹತ್ತಿ ಬೇಗ ಇಳಿಯುತ್ತೇವೆ, ಗುಂಪಿಗೆ ಹೇಳುವುದಿಲ್ಲ ಎಂದು ಅವನು ಸಮಾಧಾನ ಹೇಳಿದ.

ಶನಿವಾರ ಸೂರ್ಯ ಹುಟ್ಟುವ ಹೊತ್ತಿಗೆ ಅವರು ಜಾಡಿನ ಬುಡದಲ್ಲಿದ್ದರು. ಹರ್ಬರ್ಟ್ ರಘುವಿನ ಚೀಲ ಬಿಚ್ಚಿ ನೋಡಲಿಲ್ಲ. ಏಳು ವರ್ಷದ ಜೊತೆಗಾರನ ಚೀಲ ನೋಡುವುದು ಹೇಗೆ? ಮೊದಲ ಒಂದು ತಾಸು ಗಾಳಿಯಿತ್ತು, ನೆರಳಿತ್ತು. ರಘು ಅವತ್ತು ಎಂದಿಗಿಂತ ಹೆಚ್ಚು ಮಾತಾಡಿದ. ಮೈಸೂರಿನಲ್ಲಿ ಏನು ಕೆಲಸ ಸಿಗಬಹುದು, ಹಿತಾಳ ಪುಸ್ತಕಗಳನ್ನೆಲ್ಲ ಸಾಗಿಸುವುದು ಹೇಗೆ, ವಾರದಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ, ಹೀಗೆ. ಎಂಟು ಗಂಟೆಗೆ ಅವರು ಕೊಳಕ್ಕಿಂತ ಇನ್ನೂ ಕೆಳಗಿದ್ದರು. ರಘು ಗಡಿಯಾರ ನೋಡಿ ನಿಂತ. ನಿಯಮ ಗೊತ್ತಿದ್ದವನು.

"ಇಲ್ಲೇ ಉಂಟಲ್ಲ, ಇಪ್ಪತ್ತು ನಿಮಿಷ," ಎಂದ ಹರ್ಬರ್ಟ್. "ನೀರಲ್ಲಿ ಮುಳುಗಿ ತಂಪಾಗಿ ಇಳಿಯುವ."

ಇಪ್ಪತ್ತು ನಿಮಿಷವೆಂದದ್ದು ಐವತ್ತಾಯಿತು. ಕೊನೆಯ ಬಂಡೆ ದಾಟಿ ಕೆಳಗೆ ನೋಡಿದರೆ ಕೊಳದಲ್ಲಿ ನೀರಿಲ್ಲ. ತಳದಲ್ಲಿ ಬಿರಿದ ಕೆಸರು, ಅದರ ಮೇಲೆ ಒಣಗಿ ಬೆಳ್ಳಗಾದ ಮೀನುಗಳು. ಆ ವರ್ಷ ಚಳಿಗಾಲದಲ್ಲಿ ಮಳೆ ಬಿದ್ದಿರಲಿಲ್ಲ; ಹರ್ಬರ್ಟ್ ಅದನ್ನು ಯೋಚಿಸಿಯೇ ಇರಲಿಲ್ಲ. ರಘು ಕೆಳಗಿಳಿದು ಒಣ ಕೆಸರನ್ನು ಬೂಟಿನಿಂದ ತಟ್ಟಿ ನೋಡಿದ. ಆಮೇಲೆ ನಕ್ಕು, ಬಂದದ್ದಕ್ಕೆ ಕಾಫಿಯನ್ನಾದರೂ ಕುಡಿಯೋಣ ಎಂದು ಚೀಲ ಬಿಚ್ಚಿದ. ಅದರಲ್ಲಿ ಒಂದು ಫ್ಲಾಸ್ಕಿನಲ್ಲಿ ಡಿಕಾಕ್ಷನ್, ಇನ್ನೊಂದರಲ್ಲಿ ಬಿಸಿ ಹಾಲು, ಎರಡು ಸ್ಟೀಲ್ ಲೋಟ. ಹಿತಾ ಬೆಳಿಗ್ಗೆ ಎದ್ದು ಮಾಡಿಕೊಟ್ಟದ್ದು. ಫ್ಲಾಸ್ಕುಗಳ ಭಾರಕ್ಕೆ ಅವನು ನೀರನ್ನು ಎರಡೇ ಬಾಟಲಿ ತಂದಿದ್ದ. ಅವೆರಡೂ ಆಗಲೇ ಮುಗಿದಿದ್ದವು.

ಹರ್ಬರ್ಟ್ ಖಾಲಿ ಬಾಟಲಿಗಳನ್ನು ಎತ್ತಿ ನೋಡಿದ. ಆದರೂ ಬಯ್ಯಲಿಲ್ಲ. ತನ್ನ ಬಳಿ ಒಂದೂವರೆ ಲೀಟರ್ ಉಳಿದಿದೆ, ಇಳಿಯುವ ದಾರಿ, ಸಾಕು ಎಂದುಕೊಂಡ. ಇಬ್ಬರೂ ಕಾಫಿ ಕುಡಿದರು. ಕಾಫಿ ಚೆನ್ನಾಗಿತ್ತು.

ಇಳಿಯತೊಡಗಿದಾಗ ಬಂಡೆಗಳು ಕಾದ ಕಾವಲಿಯಂತಾಗಿದ್ದವು. ಕೈಯೂರಿದರೆ ಸುಡುತ್ತಿತ್ತು. ಒಂದು ತಾಸಿನಲ್ಲಿ ರಘುವಿನ ಹೆಜ್ಜೆ ತಪ್ಪತೊಡಗಿತು. ಹರ್ಬರ್ಟ್ ತನ್ನ ನೀರನ್ನು ಕೊಡುತ್ತಾ ಬಂದ. ಕುಡಿದದ್ದೆಲ್ಲ ಸ್ವಲ್ಪ ಹೊತ್ತಿಗೆ ವಾಂತಿಯಾಯಿತು. ಮುಖ ಕೆಂಪಾಗಿ, ಚರ್ಮ ಒಣಗಿ, ಬೆವರು ನಿಂತಿತು. ಹತ್ತಿರದಲ್ಲಿದ್ದ ಹರ್ಬರ್ಟನನ್ನೇ ಆಫೀಸಿನ ಯಾರೋ ಎಂದುಕೊಂಡು, ನಕ್ಷೆ ನಾಳೆ ಕಳಿಸುತ್ತೇನೆ ಎಂದು ಹೇಳಿದ. ಅರ್ಧ ದಾರಿಯಲ್ಲಿ ಒಂದು ಜಾಲಿ ಮರದ ಹತ್ತಿರ ಬಂಡೆಯ ನೆರಳಿತ್ತು. ಅಲ್ಲಿ ಕುಸಿದವನು ಮತ್ತೆ ಏಳಲಿಲ್ಲ.

ಹರ್ಬರ್ಟ್ ಅವನ ಅಂಗಿ ಬಿಚ್ಚಿ ಗಾಳಿ ಬೀಸಿದ. ಫೋನಿನಲ್ಲಿ ಒಂದು ಗೆರೆಯೂ ಸಿಗ್ನಲ್ ಇಲ್ಲ. ಪಕ್ಕದ ದಿಣ್ಣೆ ಹತ್ತಿದರೆ ಸಿಗುವುದೆಂದು ಗೊತ್ತಿತ್ತು, ಅರ್ಧ ತಾಸಿನ ಏರು. ಹರ್ಬರ್ಟನ ಕೊನೆಯ ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಅವನಿಗೂ ಕಣ್ಣು ಮಂಜಾಗುತ್ತಿತ್ತು, ಕಾಲಿನ ಮೀನಖಂಡಗಳು ಹಿಡಿದುಕೊಳ್ಳುತ್ತಿದ್ದವು. ನಾನು ದಾರಿಯಲ್ಲಿ ಬಿದ್ದರೆ ಇಬ್ಬರೂ ಹೋದಂತೆ. ಇವನಿಗೆ ಕೊಟ್ಟರೆ ಅದೂ ವಾಂತಿಯಾಗುತ್ತದೆ. ಹೀಗೆ ಲೆಕ್ಕ ಹಾಕಿದ. ಆ ಲೆಕ್ಕವನ್ನು ಹಾಕಿದ್ದು ತನ್ನ ಬುದ್ಧಿಯೋ ಬಾಯಾರಿಕೆಯೋ ಎಂಬುದು ಅವನಿಗೆ ಮುಂದೆಂದೂ ಬಗೆಹರಿಯಲಿಲ್ಲ.

ಅವನು ಎದ್ದಾಗ ರಘು ಕಣ್ಣು ತೆರೆದ. ಆ ಗಳಿಗೆಯಲ್ಲಿ ಅವನಿಗೆ ಪೂರ್ತಿ ಎಚ್ಚರವಿತ್ತು.

"ಸರ್, ನೀರು."

"ತರ್ತೇನೆ," ಎಂದ ಹರ್ಬರ್ಟ್, ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ. "ಈಗ ಕುಡಿದರೆ ನಿಲ್ಲುವುದಿಲ್ಲ ನಿನಗೆ. ಜನ ಕರ್ಕೊಂಡು ಬರ್ತೇನೆ."

ದಿಣ್ಣೆಯ ನಡುವಿನಲ್ಲಿ ನಿಂತು ಆ ನೀರನ್ನು ಒಂದೇ ಉಸಿರಿಗೆ ಕುಡಿದ. ಒಂದು ಹನಿಯನ್ನೂ ಉಳಿಸಲಿಲ್ಲ. ಬಾಟಲಿ ಅಲ್ಲೇ ಎಲ್ಲೋ ಕೈಜಾರಿ ಕಲ್ಲುಗಳ ನಡುವೆ ಉರುಳಿಹೋಯಿತು. ಮೇಲೆ ತಲುಪಿ ಫೋನ್ ಮಾಡಿದ. ಹೆಲಿಕಾಪ್ಟರ್ ಬರಲು ಮುಕ್ಕಾಲು ತಾಸು ಹಿಡಿಯಿತು. ಅದು ಕಡಿಮೆಯೇ. ರಕ್ಷಣಾ ತಂಡದವರು ಕೆಳಗಿಳಿದಾಗ ರಘು ಬಂಡೆಯ ನೆರಳಿನಲ್ಲಿರಲಿಲ್ಲ. ಹರ್ಬರ್ಟ್ ಹೋದ ದಿಕ್ಕಿನಲ್ಲಿ ಹದಿನೈದಿಪ್ಪತ್ತು ಅಡಿ ತೆವಳಿ, ಬಿಸಿಲಿನಲ್ಲಿ ಮುಖ ಕೆಳಗಾಗಿ ಬಿದ್ದಿದ್ದ. ಜೀವವಿರಲಿಲ್ಲ.

ಫಾರಿಸ್ ಎಂಬ ಪೊಲೀಸ್ ಅಧಿಕಾರಿ ಹರ್ಬರ್ಟನ ಹೇಳಿಕೆ ಬರೆದುಕೊಂಡ. ಎಷ್ಟು ಹೊತ್ತಿಗೆ ಹೊರಟಿರಿ, ಯಾವ ದಾರಿ, ಈ ತಿಂಗಳಲ್ಲಿ ಯಾಕೆ ಬಂದಿರಿ ಎಂದು ಕೇಳಿದ. ಬಾಟಲಿಯ ವಿಷಯ ಕೇಳಲಿಲ್ಲ. ಸಣ್ಣ ವಯಸ್ಸಿನವನಾದರೂ ಮರ್ಯಾದೆಯಿಂದ ಮಾತಾಡಿದ, ಭುಜ ಮುಟ್ಟಿ ಕಳಿಸಿದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಹಿತಾ ಕುಳಿತಿದ್ದಳು. ಪಕ್ಕದಲ್ಲಿ ಕ್ಲಾರಾ. ಏನಾಯಿತು, ಹೇಗಾಯಿತು ಎಂದು ಹಿತಾ ಕೇಳಲಿಲ್ಲ. ಹರ್ಬರ್ಟನನ್ನು ಕಂಡೊಡನೆ ಎದ್ದು ಬಂದು ಅವಳು ಕೇಳಿದ್ದು ಒಂದೇ ಮಾತು.

"ಅವರು ಕೊನೆಗೆ ನೀರು ಕುಡಿದ್ರಾ ಸರ್?"

"ಕುಡಿದ," ಎಂದ ಹರ್ಬರ್ಟ್. "ನನ್ನ ಬಾಟಲಿ ಅವನ ಹತ್ತಿರವೇ ಬಿಟ್ಟು ಹೋಗಿದ್ದೆ."

ಸುಳ್ಳು ಹೇಳಬೇಕೆಂದು ಅವನು ಯೋಚಿಸಿರಲಿಲ್ಲ. ಅದು ತಾನಾಗಿ ಬಂತು. ಬಂದ ಮೇಲೆ ಹಿತಾಳ ಮುಖದಲ್ಲಿ ಏನೋ ಸಡಿಲವಾದದ್ದನ್ನು ನೋಡಿದ. ಅವಳು ಗೋಡೆಗೊರಗಿ ಆಗ ಅತ್ತಳು. ಸಂಜೆಯೊಳಗೆ ಆ ಮಾತು ಮೈಸೂರು ತಲುಪಿತು. ರಘುವಿನ ತಾಯಿ ಪುಟ್ಟಮ್ಮ ಫೋನಿನಲ್ಲಿ ಮತ್ತೆ ಮತ್ತೆ ಅದನ್ನೇ ಕೇಳಿದರಂತೆ. ಪರದೇಶದಲ್ಲಿ, ಕಲ್ಲು ಬಂಡೆಯ ಮೇಲೆ, ತನ್ನವರು ಯಾರೂ ಇಲ್ಲದೆ ಹೋದ. ಆದರೂ ಬಾಯಿಗೆ ನೀರು ಬಿತ್ತಲ್ಲ, ಅಷ್ಟಾದರೂ ಆಯಿತಲ್ಲ ಎಂದರಂತೆ.

ಆನ್ಸೆಲ್ಮ್ ಎಂಬ ಹಿರಿಯರು, ಊರಿಗೆ ಹೆಣ ಕಳಿಸುವ ಕಾಗದಪತ್ರಗಳನ್ನು ಮಾಡಿಸುವುದನ್ನೇ ಸೇವೆಯಾಗಿ ಮಾಡಿಕೊಂಡಿದ್ದವರು, ನಾಲ್ಕು ದಿನದಲ್ಲಿ ಎಲ್ಲ ಮುಗಿಸಿದರು. ಪೆಟ್ಟಿಗೆಯ ಜೊತೆ ಹಿತಾ ಹೋದಳು. ಗುಂಪಿನವರು ವಿಮಾನ ನಿಲ್ದಾಣಕ್ಕೆ ಬಂದರು, ಹರ್ಬರ್ಟನ ಕೈ ಹಿಡಿದರು. ನಿಮ್ಮ ನೀರು ಅವನಿಗೆ ಕೊಟ್ಟು ಆ ಬಿಸಿಲಲ್ಲಿ ದಿಣ್ಣೆ ಹತ್ತಿದಿರಲ್ಲ, ಬೇರೆ ಯಾರು ಮಾಡ್ತಾರೆ ಎಂದರು. ಅವನು ತಲೆಯಾಡಿಸಿದ.

ಆ ರಾತ್ರಿಯಿಂದ ಅವನಿಗೆ ಊಟ ಸೇರಲಿಲ್ಲ. ಒಂದು ವಾರ ತಡೆದು ಕ್ಲಾರಾಳಿಗೆ ಹೇಳಿದ. ಅವಳು ಬಟ್ಟೆ ಮಡಚುತ್ತಿದ್ದಳು. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೇಳಿದಳು.

"ನೀವು ಬದುಕಿ ಬಂದಿರಿ. ನನಗೆ ಅದು ಸಾಕು. ಆ ಹುಡುಗಿಗೆ ಉಳಿದದ್ದು ಅದೊಂದು ಮಾತು. ಅದನ್ನೂ ಕಿತ್ಕೊಳ್ಬೇಡಿ."

ಚರ್ಚಿನಲ್ಲಿ ಪಾಪನಿವೇದನೆ ಮಾಡಿದ. ಪಾದ್ರಿಗಳು ಕ್ಷಮೆಯ ಮಾತು ಹೇಳಿದರು, ಪ್ರಾರ್ಥನೆ ಕೊಟ್ಟರು. ಆ ಹೆಂಗಸಿಗೆ ಹೇಳಬೇಕೇ ಎಂದು ಕೇಳಿದ್ದಕ್ಕೆ, ಹೇಳಿದರೆ ಯಾರ ಭಾರ ಇಳಿಯುತ್ತದೆ ಎಂಬುದನ್ನು ಮೊದಲು ನೋಡಿಕೋ ಎಂದರು. ನೋಡಿಕೊಂಡ. ತನ್ನದೇ ಎಂದು ಗೊತ್ತಾಯಿತು. ಸುಮ್ಮನಾದ.

ಜೂನ್ ಕೊನೆಯ ವಾರ ಹಿತಾ ಮನೆ ಖಾಲಿ ಮಾಡಲು ವಾಪಸ್ ಬಂದಳು. ಸಹಾಯ ಬೇಕಾದೀತು ಎಂದು ಹರ್ಬರ್ಟ್ ಡಿಸ್ಕವರಿ ಗಾರ್ಡನ್ಸ್‌ಗೆ ಹೋದ. ಹಾಲ್ ತುಂಬ ಪುಸ್ತಕದ ರಟ್ಟಿನ ಪೆಟ್ಟಿಗೆಗಳು. ಸೋಫಾವನ್ನು ಯಾರೋ ಕೊಂಡೊಯ್ದಿದ್ದರು. ಅದಿದ್ದ ಜಾಗದಲ್ಲಿ ಟೈಲ್ಸ್ ಬೇರೆ ಬಣ್ಣಕ್ಕೆ ಕಾಣುತ್ತಿತ್ತು. ನೆಲದ ಮೇಲೆ ರಘುವಿನ ಚೀಲವಿತ್ತು. ಪೊಲೀಸರು ಕೊಟ್ಟದ್ದನ್ನು ಆನ್ಸೆಲ್ಮ್ ತಲುಪಿಸಿದ್ದರು. ಜೊತೆಗೆ ಒಂದು ಪಟ್ಟಿ.

ಹಿತಾ ಕೂರಲು ಹೇಳಲಿಲ್ಲ. ಪಟ್ಟಿಯನ್ನು ಅವನ ಕೈಗೆ ಕೊಟ್ಟಳು. ಸ್ಥಳದಲ್ಲಿ ಸಿಕ್ಕ ವಸ್ತುಗಳು: ಫ್ಲಾಸ್ಕ್ ಎರಡು, ಲೋಟ ಎರಡು, ಟೋಪಿ ಒಂದು, ಫೋನ್ ಒಂದು, ನೀಲಿ ಬಾಟಲಿ ಎರಡು.

"ನೀಲಿ ಎರಡೂ ನಮ್ಮನೇದು ಸರ್. ನಾನೇ ತುಂಬಿಸಿ ಕೊಟ್ಟಿದ್ದೆ. ನೀವು ಬಿಟ್ಟು ಹೋದ ಬಾಟಲಿ ಎಲ್ಲಿ?"

ಗಾಳಿಗೆ ಉರುಳಿರಬಹುದು, ಅವರ ಕಣ್ಣಿಗೆ ಬೀಳದೆ ಇರಬಹುದು ಎಂದು ಹೇಳಬಹುದಿತ್ತು. ಬಾಯಿಯವರೆಗೂ ಬಂತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಬಿಟ್ಟು ಹೋಗಲಿಲ್ಲ," ಎಂದ ಹರ್ಬರ್ಟ್. "ತೆಗೊಂಡು ಹೋದೆ. ನಾನು ಕುಡಿದೆ."

"ಪೂರ್ತಿ?"

"ಪೂರ್ತಿ."

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಹೊರಗೆ ಒಂದೇ ತರಹದ ಕಟ್ಟಡಗಳು, ಬಿಸಿಲಿಗೆ ಬಿಳಿಚಿದ ಪಾರ್ಕಿಂಗ್. ಹರ್ಬರ್ಟ್ ವಾಂತಿಯ ವಿಷಯ, ಸಿಗ್ನಲ್ಲಿನ ವಿಷಯ, ತನ್ನ ಕಾಲುಗಳು ಹಿಡಿದುಕೊಂಡದ್ದು ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಅದು ವಕಾಲತ್ತಿನಂತೆ ಕೇಳಿಸಿ, ನಡುವೆ ನಿಲ್ಲಿಸಿದ.

"ಅವರು ಕೇಳಿದ್ರಾ?" ಎಂದಳು ಹಿತಾ, ತಿರುಗದೆ.

"ಕೇಳಿದ," ಎಂದ ಹರ್ಬರ್ಟ್. ಅವಳು ನಿಧಾನವಾಗಿ ಪೆಟ್ಟಿಗೆಯೊಂದರ ಮೇಲೆ ಕುಳಿತಳು. ಅಳಲಿಲ್ಲ, ಬಯ್ಯಲಿಲ್ಲ. ಅವನು ಬೈಗುಳಕ್ಕಾಗಿ ಕಾದ. ಅದಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಪುಟ್ಟಮ್ಮ. ದಿನವೂ ಆ ಹೊತ್ತಿಗೆ ಅವರು ಸೊಸೆಗೆ ಫೋನ್ ಮಾಡುತ್ತಿದ್ದರು. ಹಿತಾ ಎತ್ತಿದಳು, ಊಟವಾಯಿತು ಎಂದಳು, ಪ್ಯಾಕಿಂಗ್ ನಡೀತಿದೆ ಎಂದಳು. ಆಮೇಲೆ, "ಹರ್ಬರ್ಟ್ ಸರ್ ಇಲ್ಲೇ ಇದಾರೆ ಅತ್ತೆ, ಮಾತಾಡ್ತೀರಾ?" ಎಂದು ಫೋನನ್ನು ಅವನತ್ತ ಚಾಚಿದಳು.

ಹರ್ಬರ್ಟ್ ಅವಳ ಮುಖ ನೋಡಿದ. ಅವಳ ಕೈ ಅಲುಗಲಿಲ್ಲ. ಅವನು ಫೋನ್ ತೆಗೆದುಕೊಂಡ.

ಪುಟ್ಟಮ್ಮನ ದನಿ ಅವನು ನೆನೆಸಿದ್ದಕ್ಕಿಂತ ಗಟ್ಟಿಯಾಗಿತ್ತು. "ನೀವೇನಪ್ಪಾ ಅವರು," ಎಂದರು. "ನಿಮ್ಮ ಹೆಸರು ಹೇಳಿ ದಿನಾ ದೀಪ ಹಚ್ತೀನಿ. ನನ್ನ ಮಗನ ಬಾಯಿಗೆ ನೀರು ಬಿಟ್ಟ ಕೈ ಅದು. ಕುಡಿದನಲ್ವಾ ಅವನು?"

ಹಿತಾ ಅವನನ್ನೇ ನೋಡುತ್ತ ಕುಳಿತಿದ್ದಳು.

"ಕುಡಿದ ಅಮ್ಮ," ಎಂದ ಹರ್ಬರ್ಟ್.

ಫೋನ್ ಇಟ್ಟ ಮೇಲೆ ಹಿತಾ ಎದ್ದು ಬಾಗಿಲು ತೆರೆದಳು. "ಅವರಿಗೆ ನಿಜ ಹೇಳೋ ಶಕ್ತಿ ನಂಗಿಲ್ಲ," ಎಂದಳು. "ಹಾಗಂತ ದಿನಾ ಈ ಸುಳ್ಳನ್ನ ನನ್ನ ಬಾಯಲ್ಲಿ ಹೇಳಲ್ಲ. ನಿಮ್ಮ ನಂಬರ್ ಅವರಿಗೆ ಕೊಡ್ತೀನಿ. ಕೇಳಿದಾಗೆಲ್ಲ ನೀವೇ ಹೇಳಿ. ನನಗೆ ಮಾತ್ರ ಇನ್ನು ಫೋನ್ ಮಾಡ್ಬೇಡಿ." ಪೆಟ್ಟಿಗೆಗಳನ್ನು ಕೆಳಗಿಳಿಸಲು ಅವನು ಮುಂದಾದಾಗ, ಬೇಡ, ಕಾರ್ಗೋದವರು ಬರುತ್ತಾರೆ ಎಂದಳು.

ಅವಳು ಊರಿಗೆ ಹೊರಟುಹೋದಳು. ಅಕ್ಟೋಬರಿನಲ್ಲಿ ಗುಂಪಿನಲ್ಲಿ ಮೆಲ್ಲಗೆ ಮಾತು ಶುರುವಾಯಿತು, ಈ ಸಲ ಮೊದಲ ನಡಿಗೆ ಯಾವಾಗ ಎಂದು. ಹರ್ಬರ್ಟ್ ತನ್ನ ನಿಯಮಗಳನ್ನು ಮತ್ತೊಮ್ಮೆ ಹಾಕಿ, ಗುಂಪಿನಿಂದ ಹೊರಬಿದ್ದ. ಇಮ್ತಿಯಾಜ್ ಎಂಬ ಉಳ್ಳಾಲದವನು ಮುಂದಾಳಾದ. ಅವರು ಹಲಗೆ ನೆಟ್ಟ ದಾರಿಯಲ್ಲೇ ನಡೆದು, ಅಣೆಕಟ್ಟಿನಲ್ಲಿ ದೋಣಿ ನಡೆಸಿ, ಮಧ್ಯಾಹ್ನದೊಳಗೆ ಮನೆ ಸೇರುತ್ತಾರೆ. ಫೋಟೋಗಳನ್ನು ಕ್ಲಾರಾ ಬೇರೆಯವರ ಫೋನಿನಲ್ಲಿ ನೋಡುತ್ತಾಳೆ, ಗಂಡನಿಗೆ ಹೇಳುವುದಿಲ್ಲ. ಹರ್ಬರ್ಟನ ಸಕ್ಕರೆ ಹೊಸ್ತಿಲು ದಾಟಿ ಒಳಗೆ ಬಂದಿದೆ.

ಪುಟ್ಟಮ್ಮ ತಿಂಗಳಿಗೊಮ್ಮೆ, ಮಗ ಹೋದ ತಿಥಿಯಂದು ಫೋನ್ ಮಾಡುತ್ತಾರೆ. ಲಾಂಡ್ರಿಯ ಗದ್ದಲದಲ್ಲಿ ಕೇಳಿಸದೆಂದು ಅವನು ಹಿಂದಿನ ಓಣಿಗೆ ಹೋಗಿ ನಿಲ್ಲುತ್ತಾನೆ. ಎತ್ತದೆ ಇರಲು ಅವನಿಂದಾಗದು. ಪ್ರತಿ ಸಲ ಅವರು ಹೊಸದೊಂದು ಕೇಳುತ್ತಾರೆ. ಅಲ್ಲಿ ಮರವಿತ್ತೇ, ಹಕ್ಕಿ ಇತ್ತೇ, ತಲೆ ಯಾವ ದಿಕ್ಕಿಗಿತ್ತು. ಅವನು ಒಂದೊಂದನ್ನೂ ಹೇಳುತ್ತ ಬಂದಿದ್ದಾನೆ; ಹೇಳಿದ್ದು ಮುಂದಿನ ಸಲ ತಪ್ಪಬಾರದೆಂದು ನೆನಪಿಟ್ಟುಕೊಳ್ಳುತ್ತಾನೆ.

ಡಿಸೆಂಬರಿನಲ್ಲಿ ಅವರು, "ಆ ನೀರು ತಣ್ಣಗಿತ್ತೇನಪ್ಪಾ?" ಎಂದು ಕೇಳಿದರು.

ದಿಣ್ಣೆಯ ಏರಿನಲ್ಲಿ ಅವನು ಕುಡಿದ ನೀರು ಸ್ನಾನದ ನೀರಿನಷ್ಟು ಬಿಸಿಯಾಗಿತ್ತು, ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುತ್ತಿತ್ತು. ಆದರೂ ಅಷ್ಟು ರುಚಿಯಾದದ್ದನ್ನು ಅವನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ.

"ತಣ್ಣಗಿತ್ತು ಅಮ್ಮ," ಎಂದ.

ಪುಟ್ಟಮ್ಮ ಒಳ್ಳೆಯದಾಗಲಿ ಎಂದು ಹರಸಿ ಫೋನ್ ಇಟ್ಟರು. ಅವನು ಒಳಗೆ ಹೋಗಿ ಹಾಸಿಗೆ ಬಟ್ಟೆಗಳ ಮುಂದಿನ ಲೋಡನ್ನು ಯಂತ್ರಕ್ಕೆ ಹಾಕಿಸಿದ.